ಡಲ್ಸಿಯ ಕಾಲಿಗೆ ನನ್ನ ಸದ್ದು

ಡಲ್ಸಿ ಪ್ರೂಯಿಟ್ ನನ್ನ ಅಮ್ಮನನ್ನು ಅಮ್ಮ ಅಂತ ಕರೆಯೋಕೆ ಶುರುಮಾಡಿದ ದಿನವೇ ಅವಳ ಜುಟ್ಟು ಹಿಡಿದು ಬೀದಿಗೆ ಎಳೆಯಬೇಕು ಅನ್ನಿಸಿತ್ತು ನನಗೆ. ಹಿಡಿಯೋಕೆ ಜುಟ್ಟು ಇರಲಿಲ್ಲ, ಅದು ಬೇರೆ ಮಾತು. ಆ ವರ್ಷ ಹಾಲಿವುಡ್ಡಿನ ಹುಡುಗಿಯರೆಲ್ಲ ಕೂದಲನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿಕೊಂಡಿದ್ದರು. ಅವಳದ್ದು ಎಲ್ಲರಿಗಿಂತ ಚೆನ್ನಾಗಿ ಕಾಣುತ್ತಿತ್ತು. ಅದನ್ನು ನೋಡಿದರೂ ನನಗೆ ಆಗುತ್ತಿರಲಿಲ್ಲ.

ಒಂದೇ ಅಂಗಳದ ಸುತ್ತ ಕಟ್ಟಿದ ಪುಟ್ಟ ಬಾಡಿಗೆ ಮನೆಗಳು ನಮ್ಮವು. ಅವಳದ್ದು ನಮ್ಮ ಪಕ್ಕದ್ದು. ಸಂಜೆ ಆದರೆ ಸಾಕು, ಬಾಗಿಲಲ್ಲಿ ಕತ್ತು ಚಾಚುತ್ತಿದ್ದಳು.

"ಫ್ಲೋಸಿ ಅಮ್ಮಾ, ಇದ್ದೀರಾ?"

ಎಲ್ಲಿಗೆ ಹೋಗ್ತಾಳೆ ನಮ್ಮಮ್ಮ, ಮಂಡಿ ಹೋದವಳು! ಆದರೂ ಪ್ರತಿದಿನ ಅದೇ ಕೇಳಬೇಕು. ಕೈಯಲ್ಲಿ ಒಂದು ಕಿತ್ತಳೆ ಹಣ್ಣು, ಇಲ್ಲವೇ ಸಕ್ಕರೆ ಉದುರಿಸಿದ ಡೋನಟ್ಟು.

"ಬಾರೇ ಮಗು," ಅನ್ನುತ್ತಿದ್ದಳು ಅಮ್ಮ. ನನ್ನನ್ನು ಅವಳು ಮಗು ಅಂದದ್ದು ನನಗೆ ನೆನಪಿಲ್ಲ. ತೊಟ್ಟಿಲಲ್ಲಿದ್ದಾಗ ಅಂದಿದ್ದಳೇನೋ.

ಈ ಡಲ್ಸಿಯನ್ನು ಸ್ಟುಡಿಯೋಕ್ಕೆ ಕರೆದುಕೊಂಡು ಹೋದವಳು ಯಾರು ಅಂತೀರಿ? ನಾನೇ. ನೆಬ್ರಾಸ್ಕದಿಂದ ಬಂದು, ಬೀದಿಕೊನೆಯ ಹೋಟೆಲಲ್ಲಿ ಸೇಬಿನ ಪೈ ಬಡಿಸಿಕೊಂಡಿದ್ದಳು. ಸಿನಿಮಾಕ್ಕೆ ಹೊಸದಾಗಿ ಬಾಯಿ ಬಂದ ಕಾಲ. ಯಾವ ಸ್ಟುಡಿಯೋ ನೋಡಿದರೂ ಹಾಡು, ಕುಣಿತ, ಸಾಲುಸಾಲು ಕಾಲು. "ಬಾರೇ, ಕಾಲೆತ್ತೋಕೆ ಬಂದರೆ ಸಾಕು, ತಗೊಳ್ತಾರೆ," ಅಂದೆ. ತಗೊಂಡರು. ಕುಣಿಯೋ ಹುಡುಗಿಯರ ಸಾಲಿನಲ್ಲಿ ನನ್ನ ಪಕ್ಕದಲ್ಲೇ ನಿಲ್ಲಿಸಿದರು. ನನ್ನ ಬುದ್ಧಿಗೆ ಏನು ಬಡಿದಿತ್ತೋ ಆವತ್ತು!

ನಮ್ಮಮ್ಮ ಫ್ಲೋಸಿ ಡೆವ್ಲಿನ್ ಅಂದರೆ ಸುಮ್ಮನೆ ಅಲ್ಲ. ಊರೂರು ತಿರುಗುವ ವಿನೋದದ ಆಟಗಳಲ್ಲಿ ಟ್ಯಾಪ್ ಕುಣಿದೇ ನನ್ನನ್ನು ಸಾಕಿದವಳು. ಬೂಟಿನ ತಳಕ್ಕೆ ಲೋಹದ ಬಿಲ್ಲೆ, ಬಿಲ್ಲೆಯ ಕೆಳಗೆ ಹಲಗೆ, ಅಷ್ಟೇ ಅವಳ ವಾದ್ಯ. ಅವಳ ಕಾಲದಲ್ಲಿ ಟ್ಯಾಪ್ ಪಂದ್ಯ ನಡೆದರೆ ತೀರ್ಪು ಹೇಳುವವರಲ್ಲಿ ಒಬ್ಬ ರಂಗದ ಹಲಗೆಯ ಕೆಳಗೆ ನುಗ್ಗಿ ಕೂರುತ್ತಿದ್ದ. ಕುಣಿಯುವವರ ಮುಖ, ಬಟ್ಟೆ, ನಗು ಯಾವುದೂ ಅವನಿಗೆ ಕಾಣಬಾರದು. ಸದ್ದು ಕೇಳಬೇಕು, ಸದ್ದಿಗೆ ಮಾತ್ರ ತೀರ್ಪು. ಅಮ್ಮ ಹುಡುಗಿಯಾಗಿದ್ದಾಗ ಒಮ್ಮೆ ಮೆಂಫಿಸ್‌ನಲ್ಲಿ ಆ ಹಲಗೆಯ ಕೆಳಗೆ ಕದ್ದು ಸೇರಿಕೊಂಡಿದ್ದಳಂತೆ. ಮೇಲೆ ಕುಣಿಯುತ್ತಿದ್ದವನು ಒಬ್ಬ ಕರಿಯ ಕುಣಿತಗಾರ. ಅವನ ಹೆಸರೂ ಅವಳಿಗೆ ಗೊತ್ತಾಗಲಿಲ್ಲ. ಅವನ ಒಂದು ಹೆಜ್ಜೆಯನ್ನು ಮಾತ್ರ ಕಿವಿಯಲ್ಲಿಟ್ಟುಕೊಂಡು ಮನೆಗೆ ಬಂದಳು. ಅವನೇ ಈಗ ಬಂದಿದ್ದರೆ ನಮ್ಮ ಸ್ಟುಡಿಯೋದವರು ಗೇಟಿನ ಒಳಗೂ ಬಿಡುತ್ತಿರಲಿಲ್ಲ.

ಆ ಹೆಜ್ಜೆಗೆ ಅಮ್ಮ ಗಾಳಿಬಾಗಿಲು ಅಂತ ಹೆಸರಿಟ್ಟಿದ್ದಳು. ಗಾಳಿಗೆ ಬಾಗಿಲು ಬಡಿದುಕೊಳ್ಳುತ್ತೆ ನೋಡಿ, ಹಾಗೆ ಮುಂಗಾಲು ಪಟ್ ಅಂತ ಬಡಿಯಬೇಕು. ಆಯಿತು, ಮುಗೀತು ಅಂತ ಎಲ್ಲರೂ ಅಂದುಕೊಂಡ ಮೇಲೆ ಹಿಮ್ಮಡಿ ತಡವಾಗಿ, ನಿಧಾನವಾಗಿ ಬಂದು ಕೂರಬೇಕು. ಆ ಮಧ್ಯದ ಕಾಯುವಿಕೆಯಲ್ಲೇ ಎಲ್ಲ ಇರೋದು.

ಚಿಕ್ಕಂದಿನಿಂದ ಕೇಳಿದೆ. "ಅಮ್ಮಾ, ಗಾಳಿಬಾಗಿಲು ಹೇಳ್ಕೊಡೇ."

"ನೀನು ಅವಸರದವಳು," ಅನ್ನುತ್ತಿದ್ದಳು. ಅಷ್ಟೇ. ನಾನು ಏನು ಕುಣಿದರೂ ಅವಳು ಬೆನ್ನು ತಿರುಗಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದಳು. ಮುಗಿದ ಮೇಲೆ ಅದೇ ಮಾತು. ಅವಸರ ಮಾಡ್ತೀಯ. ಒಂದೇ ಒಂದು ಸಲ ಆ ಮುದುಕಿಯ ಬಾಯಿಂದ ಚೆನ್ನಾಗಿದೆ ಅನ್ನಿಸಬೇಕು ಅಂತ ನನ್ನ ಜೀವ ಹಪಹಪಿಸುತ್ತಿತ್ತು. ಬೇರೆ ಏನೂ ಬೇಕಿರಲಿಲ್ಲ ಅಂದರೆ ಸುಳ್ಳಾಗುತ್ತೆ, ರೇಷ್ಮೆ ಕಾಲುಚೀಲವೂ ಬೇಕಿತ್ತು. ಆದರೆ ಇದು ಮೊದಲು.

ಅದಕ್ಕೇ ಹ್ಯಾಟು ಡಬ್ಬಿಯ ಕುಣಿತ ಬಂದಾಗ ನಾನು ಆಸೆ ಕಟ್ಟಿಕೊಂಡೆ. ನಮ್ಮ ಕುಣಿತದ ಮೇಷ್ಟ್ರು ಕೀಗನ್ ಸಾಹೇಬರು ಸೆಟ್ಟಿನ ತುಂಬ ಆಳೆತ್ತರದ ಹ್ಯಾಟು ಡಬ್ಬಿ ಕಟ್ಟಿಸಿದ್ದರು. ಹುಡುಗಿಯರೆಲ್ಲ ಡಬ್ಬಿಗಳ ಮೇಲೆ ಕುಣಿಯೋದು, ಕೊನೆಗೆ ಎಲ್ಲಕ್ಕಿಂತ ದೊಡ್ಡ ಡಬ್ಬಿಯ ಮುಚ್ಚಳ ತೆಗೆದು ಒಬ್ಬಳು ಮೇಲೆ ಬರೋದು, ಅವಳೊಬ್ಬಳೇ ಟ್ಯಾಪ್ ಕುಣಿಯೋದು. ಅದು ನನಗೆ ಸಿಕ್ಕರೆ ಅಮ್ಮ ಟಾಕೀಸಿನಲ್ಲಿ ಕೂತು ಕೇಳಲೇಬೇಕು. ಎದ್ದು ಹೋಗೋಕೆ ಮಂಡಿಯೂ ಬಿಡಲ್ಲ.

ಕೀಗನ್ ನನ್ನನ್ನು ಕರೆದು ಭುಜ ತಟ್ಟಿದರು. ಭುಜ ತಟ್ಟಿದರೆ ಏನೋ ಕಿತ್ತುಕೊಳ್ಳುತ್ತಾರೆ ಅಂತಲೇ ಅರ್ಥ.

"ರೊವೀನಾ, ನಿನ್ನ ಕಾಲು ಚಿನ್ನ ಕಣಮ್ಮ. ಆದ್ರೆ ದೊಡ್ಡ ಡಬ್ಬೀಲಿ ಡಲ್ಸಿ ಇರ್ಲಿ."

"ಯಾಕ್ ಸಾರ್?"

"ಕ್ಯಾಮೆರಾ ಮುಖದ ಹತ್ರ ಬರುತ್ತೆ."

"ಬರ್ಲಿ ಬಿಡಿ ಸಾರ್. ನಾನೇನ್ ಕಚ್ತೀನಾ?"

"ನಿನ್ನ ಮೂಗು ನೋಡ್ಕೊಂಡಿದೀಯಾ? ತೆರೆ ಮೇಲೆ ಮೊದ್ಲು ಅದು ಬರುತ್ತೆ, ಆಮೇಲೆ ನೀನ್ ಬರ್ತೀಯ."

ಸಾಲಿನ ಹುಡುಗಿಯರೆಲ್ಲ ಕಿಸಕ್ಕನೆ ನಕ್ಕರು. ಡಲ್ಸಿ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಅವಳು ನನ್ನ ಕಡೆ ನೋಡಿ ಪಾಪ ಅನ್ನೋ ಮುಖ ಮಾಡಿದಳು. ಅಲ್ಲೇ ನನ್ನ ಹೊಟ್ಟೆಯೊಳಗೆ ಕೆಂಡ ಬಿದ್ದದ್ದು.

ಮನೆಗೆ ಬಂದು ಬೂಟು ಎಸೆದೆ.

"ಯಾರಿಗ್ ಕೊಟ್ರು?" ಅಂದಳು ಅಮ್ಮ, ಒಲೆಯ ಕಡೆಯಿಂದ ತಿರುಗದೆ.

"ನಿನ್ ಮುದ್ದಿನ ಮಗುಗೆ."

"ಡಲ್ಸಿಗಾ? ಹೋಗಿ ಕರ್ಕೊಂಡ್ ಬಾ. ಬೀನ್ಸ್ ಬೆಂದಿದೆ, ಇಲ್ಲೇ ಊಟ ಮಾಡ್ಲಿ."

ಕರೆಯೋಕೆ ಹೋಗಲೇ ಇಲ್ಲ ನಾನು. ಅವಳೇ ಬಂದಳು. ಬಂದವಳು ಊಟ ಮಾಡಿದಳು, ಪಾತ್ರೆ ತೊಳೆದಳು, ಅಮ್ಮನ ಮಂಡಿಗೆ ಬಿಸಿನೀರಿನ ಬಟ್ಟೆ ಇಟ್ಟಳು. ಬೆಣ್ಣೆ ಹಚ್ಚೋದು ಅಂದರೆ ಹೇಗೆ ಅಂತ ಅವಳನ್ನು ನೋಡಿ ಕಲೀಬೇಕು. ಆಮೇಲೆ ಅವಳು ಮೆಲ್ಲಗೆ ಹೇಳಿದಳು, "ಫ್ಲೋಸಿ ಅಮ್ಮಾ, ಮೇಷ್ಟ್ರು ಕೊನೇಲಿ ಏನಾದ್ರೂ ಹೊಸ ಹೆಜ್ಜೆ ಬೇಕು ಅಂತಿದಾರೆ. ನನಗೆ ಒಂದೂ ತೋಚ್ತಿಲ್ಲ."

ಅಮ್ಮ ಕೋಲು ಎತ್ತಿಕೊಂಡಳು. "ಅಡುಗೆಮನೆಗೆ ನಡಿ. ಅಲ್ಲಿ ಹಲಗೆ ಚೆನ್ನಾಗಿದೆ."

ಗಾಳಿಬಾಗಿಲು! ನನ್ನ ಕಣ್ಣ ಮುಂದೆ, ನನ್ನ ಮನೆಯಲ್ಲಿ, ಪೈ ಬಡಿಸುತ್ತಿದ್ದವಳಿಗೆ! ನಾನು ಮಲಗುವ ಕೋಣೆಗೆ ಹೋಗಿ ಬಾಗಿಲು ಜಡಿದುಕೊಂಡೆ. ಅಷ್ಟು ಜೋರಾಗಿ ಜಡಿದರೂ ಯಾರೂ ಏನು ಅಂತ ಕೇಳಲಿಲ್ಲ. ಗೋಡೆಯ ಆಚೆ ಅಮ್ಮ ಕೋಲಿನಿಂದ ಕುಟ್ಟಿ ತೋರಿಸುತ್ತಿದ್ದಳು. "ಕಾಯಿ. ಕಾಯೇ ಮಗು. ಹಾಂ, ಈಗ ಬಿಡು." ಡಲ್ಸಿಯ ಕಾಲು ಹಸು ನಡೆದ ಹಾಗೆ ಕೇಳುತ್ತಿತ್ತು. ಆದರೆ ಕಾಯುತ್ತಿದ್ದಳು, ಅದೊಂದು ಮಾತ್ರ ಅವಳಿಗೆ ಬರುತ್ತಿತ್ತು. ನಾನು ಮಂಚದ ಅಂಚಿನಲ್ಲಿ ಕೂತು, ಅಳುತ್ತಾ, ಬರೀ ಕಾಲುಚೀಲದ ಕಾಲನ್ನು ನೆಲಕ್ಕೆ ತಾಗಿಸುತ್ತಾ ಕೋಲಿನ ಸದ್ದನ್ನೇ ಹಿಂಬಾಲಿಸಿದೆ. ಅವಳು ಪ್ರತಿ ಸಂಜೆ ಬಂದಳು. ನಾನು ಪ್ರತಿ ಸಂಜೆ ಬಾಗಿಲು ಜಡಿದೆ.

ಶೂಟಿಂಗ್ ಆಯಿತು. ಹ್ಯಾಟು ಡಬ್ಬಿಗಳೆಲ್ಲ ತೆಳು ಹಲಗೆಯವು, ಒಳಗೆ ಟೊಳ್ಳು. ಮೇಲೆ ಕಾಲಿಟ್ಟರೆ ಮೈಕಿನಲ್ಲಿ ಖಾಲಿ ಪೀಪಾಯಿ ಉರುಳಿದ ಹಾಗೆ ಡಬಡಬ ಅಂತಿತ್ತು. ಅದಕ್ಕೆ ನಮ್ಮೆಲ್ಲರ ಬೂಟಿನ ಬಿಲ್ಲೆ ಕೀಳಿಸಿ, ರಬ್ಬರ್ ಅಂಟಿಸಿ, ಸದ್ದಿಲ್ಲದೆ ಕುಣಿಸಿ ಬರೀ ಚಿತ್ರ ಹಿಡಿದರು. ಕಾಲಿನ ಸದ್ದು ಆಮೇಲೆ ಸೇರಿಸೋದು. ಇದು ಆಗ ಎಲ್ಲ ಸ್ಟುಡಿಯೋಗಳಲ್ಲೂ ಇದ್ದ ಪದ್ಧತಿಯೇ. ಸಣ್ಣ ಕೋಣೆ, ಗೋಡೆಗೆ ದಪ್ಪ ಕಂಬಳಿ, ನೆಲದ ಮೇಲೆ ಒಂದು ಒಳ್ಳೆ ಹಲಗೆ. ಎದುರಿಗೆ ತೆರೆಯ ಮೇಲೆ ಚಿತ್ರ ಓಡುತ್ತೆ, ಅದನ್ನು ನೋಡುತ್ತಾ ಒಬ್ಬರು ಅದೇ ಹೆಜ್ಜೆ ಹಾಕಬೇಕು.

ಮೊದಲು ಡಲ್ಸಿಯನ್ನೇ ಕರೆದರು. ಪಾಪ, ತೆರೆಯ ಮೇಲಿನ ತನ್ನ ಕಾಲನ್ನೇ ಹಿಡಿಯಲಾರದೆ ಒದ್ದಾಡಿದಳಂತೆ. ಪಾಪ ಅಂದೆನಾ? ಇಲ್ಲ, ಖುಷಿಯಾಯಿತು ನನಗೆ. ಆ ಖುಷಿ ಮಧ್ಯಾಹ್ನದವರೆಗೂ ಇತ್ತು. ಆಮೇಲೆ ಕೀಗನ್ ಬಂದು ಭುಜ ತಟ್ಟಿದರು.

"ರೊವೀನಾ, ನೀನೊಂದ್ ಸಲ ಬಾ. ಡಲ್ಸಿ ಕಾಲಿಗೆ ಸದ್ದು ಕೊಡು."

"ಮುಖ ಅವಳದ್ದು, ಕಾಲು ನನ್ನದಾ?"

"ಯಾರಿಗ್ ಗೊತ್ತಾಗುತ್ತೆ?"

"ನನಗ್ ಗೊತ್ತಾಗುತ್ತಲ್ಲ ಸಾರ್!"

"ನಿನಗ್ ಗೊತ್ತಾದ್ರೆ ನಿನ್ ಹತ್ರಾನೇ ಇಟ್ಕೊ. ಹೊರಗೆ ಬಾಯಿ ಬಿಟ್ಟೆ ಅಂದ್ರೆ ಗೇಟಿನ ಹೊರಗೇ ನಿಲ್ಬೇಕಾಗುತ್ತೆ. ಮನೇಲಿ ನಿಮ್ಮಮ್ಮನ ಹತ್ರಾನೂ ಹೇಳೋ ಹಾಗಿಲ್ಲ."

ಓಣಿಯಲ್ಲಿ ಡಲ್ಸಿ ಗೋಡೆಗೆ ಒರಗಿ ನಿಂತಿದ್ದಳು. ಅತ್ತು ಅತ್ತು ಕಣ್ಣು ಕೆಂಪಾಗಿತ್ತು. ಹಾಗಿದ್ದರೂ ಚೆನ್ನಾಗಿಯೇ ಕಾಣುತ್ತಿದ್ದಳು, ಹಾಳಾದವಳು.

"ರೋ, ಫ್ಲೋಸಿ ಅಮ್ಮಂಗೆ ಹೇಳ್ಬೇಡ ಕಣೇ. ಅವ್ರು ನನಗೋಸ್ಕರ ಎಷ್ಟು ಕಷ್ಟಪಟ್ರು. ನಾನೇ ಕುಣಿದೆ ಅಂತ ಇರ್ಲಿ."

"ಇರ್ಲಿ ಬಿಡು. ನಮ್ಮಮ್ಮನ್ನೂ ಇಟ್ಕೊ, ನನ್ ಕಾಲೂ ಇಟ್ಕೊ. ಮೂಗು ಬೇಕಾ?"

ಅವಳು ಮತ್ತೆ ಅತ್ತಳು. ನಾನು ಒಳಗೆ ಹೋದೆ.

ಬಿಲ್ಲೆ ಹಾಕಿದ ಬೂಟು ಕಟ್ಟಿಕೊಳ್ಳುತ್ತಿರುವಾಗಲೇ ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ಕೆಡಿಸಿಬಿಡ್ತೀನಿ. ಎಲ್ಲ ಕೆಡಿಸೋದು ಬೇಡ, ಕೊನೆಯ ಹೆಜ್ಜೆಯಲ್ಲಿ ಒಂದು ಚೂರು ಕಾಲು ಎಡವಿದ ಸದ್ದು ಹಾಕಿದರೆ ಸಾಕು. ಧ್ವನಿ ಹಿಡಿಯೋ ಓಟಿಸ್‌ಗೆ ಟ್ಯಾಪು ಗೊತ್ತಿಲ್ಲ, ಗುಡುಗು ಗೊತ್ತಿಲ್ಲ. ಸದ್ದು ಜೋರಾಗಿ ಬಂದರೆ ಅವನಿಗೆ ಸರಿ. ಅಮ್ಮ ಮಾತ್ರ ಟಾಕೀಸಿನಲ್ಲಿ ಕಣ್ಣು ಮುಚ್ಚಿ ಕೂತು ಕೇಳಿಸಿಕೊಂಡು ಮುಖ ಸಿಂಡರಿಸಬೇಕು. ಅವಳ ಮಗು ಎಡವಿತು ಅಂತ ಅವಳಿಗೆ ಗೊತ್ತಾಗಬೇಕು.

ದೀಪ ಆರಿತು. ತೆರೆಯ ಮೇಲೆ ದೊಡ್ಡ ಡಬ್ಬಿಯ ಮುಚ್ಚಳ ತೆರೆದು ಡಲ್ಸಿ ಬಂದಳು. ನಾನು ಅವಳ ಕಾಲನ್ನು ನೋಡುತ್ತಾ ಶುರುಮಾಡಿದೆ. ಎಡವಬೇಕು ಅಂತ ಅಂದುಕೊಂಡ ಜಾಗ ಹತ್ತಿರ ಬಂತು, ನನ್ನ ಕಾಲು ಒಪ್ಪಲಿಲ್ಲ. ಹೇಗೆ ಒಪ್ಪುತ್ತೆ? ಆ ಹಲಗೆಯ ಕೆಳಗೆ ಅಮ್ಮನೇ ಕೂತು ಕೇಳುತ್ತಿದ್ದಾಳೆ ಅನ್ನಿಸಿಬಿಟ್ಟಿತು. ಚೆನ್ನಾಗಿ ಕುಣಿದರೆ ಅಮ್ಮ ಡಲ್ಸಿಯನ್ನು ಹೊಗಳ್ತಾಳೆ. ಕೆಟ್ಟದಾಗಿ ಕುಣಿದರೆ ಅಮ್ಮ ಕೇಳೋದು ನನ್ನ ಕೆಟ್ಟ ಕಾಲನ್ನೇ. ಥೂ, ಇದೆಂಥ ಬಾಳು ಅಂತ ಬೈದುಕೊಳ್ಳುತ್ತಲೇ ನನಗೆ ಗೊತ್ತಿದ್ದ ಅಷ್ಟನ್ನೂ ಸುರಿದೆ.

ಗಾಳಿಬಾಗಿಲು ಎರಡು ಸಲ ಬರುತ್ತಿತ್ತು. ಮೊದಲನೇ ಸಲ ತೆರೆಯ ಮೇಲೆ ಅವಳ ಕಾಲು ಕಾಣುತ್ತಿತ್ತು. ಅದರ ಜೊತೆ ಮುಂಗಾಲು ಬಡಿದೆ, ಕಾದೆ, ಹಿಮ್ಮಡಿ ಬಿಟ್ಟೆ. ಸರಿಯಾಗಿ ಕೂತಿತು. ಎರಡನೇ ಸಲಕ್ಕೆ ಕ್ಯಾಮೆರಾ ಮೇಲೆ ಹೋಗಿತ್ತು. ಕಾಲಿಲ್ಲ, ತೆರೆಯ ತುಂಬ ಅವಳ ಮುಖವೇ. ಬೆಳಕೆಲ್ಲ ಅದರ ಮೇಲೆ. ಆ ಮುಖ ನಗುತ್ತಿತ್ತು. ಅದನ್ನೇ ನೋಡುತ್ತಾ ಹಿಮ್ಮಡಿ ಬಿಟ್ಟೆ, ಹೇಗೋ ಮುಗಿಸಿದೆ.

"ಬೊಂಬಾಟ್!" ಅಂದ ಓಟಿಸ್. ಕೀಗನ್ ಭುಜ ತಟ್ಟೋಕೆ ಬಂದರು, ನಾನು ತಪ್ಪಿಸಿಕೊಂಡೆ.

ಚಿತ್ರ ಬಿಡುಗಡೆಗೆ ಮುಂಚೆ ಜನ ಹೇಗೆ ತಗೊಳ್ತಾರೆ ಅಂತ ನೋಡೋಕೆ ಗ್ಲೆಂಡೇಲಿನ ಒಂದು ಟಾಕೀಸಿನಲ್ಲಿ ಶನಿವಾರ ಮಧ್ಯಾಹ್ನ ಹಾಕಿದರು. ಡಲ್ಸಿ ಹೊಸ ಉಡುಪು ಹಾಕಿಕೊಂಡು ಅಮ್ಮನ ಬಲಗಡೆ ಕೂತಳು. ನಾನು ಎಡಗಡೆ. ಅಮ್ಮ ಕೋಲನ್ನು ಮಂಡಿಗಳ ನಡುವೆ ಇಟ್ಟುಕೊಂಡಿದ್ದಳು. ಕಥೆ ಏನು ನಡೀತೋ ನನಗೆ ಒಂದೂ ತಲೆಗೆ ಹೋಗಲಿಲ್ಲ. ಹ್ಯಾಟು ಡಬ್ಬಿಗಳು ಬಂದವು. ಅಮ್ಮ ಕಣ್ಣು ಮುಚ್ಚಿದಳು.

ನಾನು ತೆರೆ ನೋಡಲೇ ಇಲ್ಲ, ಅಮ್ಮನ ಮುಖವನ್ನೇ ನೋಡಿದೆ. ನನ್ನ ಕಾಲು ಇಡೀ ಟಾಕೀಸಿನ ತುಂಬ ಮಳೆ ಸುರಿದ ಹಾಗೆ ಸುರಿಯುತ್ತಿತ್ತು. ಮುಂದಿನ ಸಾಲಿನ ಗಂಡಸೊಬ್ಬ, "ಅಬ್ಬಾ, ಈ ಹುಡುಗಿ ಕಾಲೇ!" ಅಂದ. ಈ ಹುಡುಗಿ! ಎದ್ದು ನಿಂತು ಅವನ ತಲೆಗೆ ಬೂಟಿನಲ್ಲಿ ಬಡಿಯಬೇಕು ಅನ್ನಿಸಿತು. ಗಾಳಿಬಾಗಿಲು ಬಂತು. ಅಮ್ಮನ ಹುಬ್ಬು ಒಂದು ಸಲ ಮೇಲೆ ಹೋಯಿತು. ಎರಡನೇ ಸಲ ಬಂತು. ಹುಬ್ಬು ಗಂಟಾಯಿತು. ಮುಗಿದಾಗ ಜನ ಚಪ್ಪಾಳೆ ತಟ್ಟಿದರು, ಶಿಳ್ಳೆ ಹಾಕಿದರು. ಅಮ್ಮ ಕಣ್ಣು ತೆರೆದು ಕೋಲು ಊರಿ ಎದ್ದಳು.

ಹೊರಗೆ ಬಂದ ತಕ್ಷಣ ಡಲ್ಸಿ ಅವಳ ಕೈ ಹಿಡಿದುಕೊಂಡಳು. "ಫ್ಲೋಸಿ ಅಮ್ಮಾ, ನಿಮ್ ಹೆಜ್ಜೆ ಹೇಗ್ ಬಂತು? ಹೇಳೀ!"

ನಾನು ಬೇರೆ ಕಡೆ ತಿರುಗಿಕೊಂಡೆ. ಕಿವಿ ಮುಚ್ಚಿಕೊಳ್ಳೋಕೂ ಆಗಲಿಲ್ಲ.

"ತುಂಬಾ ಚೆನ್ನಾಗಿತ್ತು ಮಗು," ಅಂದಳು ಅಮ್ಮ.

ಮುಗೀತು. ಹುಟ್ಟಿದಾಗಿನಿಂದ ನಾನು ಕಾದ ಮಾತು, ನನ್ನ ಕಾಲಿಗೇ ಸಿಕ್ಕಿದ ಮಾತು, ಡಲ್ಸಿಯ ಮಡಿಲಿಗೆ ಹೋಗಿ ಬಿತ್ತು. ಸ್ಟುಡಿಯೋದವರು ಡಲ್ಸಿಯನ್ನು ಕರೆದುಕೊಂಡು ಹೋಗಿ ಕಾರಿನ ಹತ್ತಿರ ಫೋಟೋ ಹಿಡಿಯುತ್ತಿದ್ದರು. ನಾನೂ ಅಮ್ಮನೂ ಎದುರಿಗಿದ್ದ ಟ್ರಾಮಿನ ನಿಲ್ದಾಣಕ್ಕೆ ಹೋದೆವು. ಹಲಗೆ ಹಾಸಿದ ಕಟ್ಟೆ. ಬಾಯಿ ತೆರೆದರೆ ಎಲ್ಲ ಹೊರಗೆ ಬೀಳುತ್ತಿತ್ತು, ನಾಳೆ ಗೇಟಿನ ಹೊರಗೆ ನಿಲ್ಲುತ್ತಿದ್ದೆ.

ಅಮ್ಮ ಹಳಿಯ ಕಡೆ ನೋಡುತ್ತಾ ಅಂದಳು, "ಎರಡ್ನೇ ಸಲ ಅವಸರ ಮಾಡ್ದೆ."

"ಏನು?"

"ಗಾಳಿಬಾಗಿಲು. ಮೊದಲ್ನೇ ಸಲ ಸರಿ ಕಾದೆ. ಎರಡ್ನೇ ಸಲ ಹಿಮ್ಮಡಿ ಬೇಗ ಬಿತ್ತು. ಯಾಕೆ?"

ಎರಡನೇ ಸಲ ತೆರೆಯ ಮೇಲೆ ಏನಿತ್ತು ಅಂತ ನನಗೆ ಗೊತ್ತು. ಡಲ್ಸಿಯ ಮುಖವಿತ್ತು. ಕಣ್ಣು ಮುಚ್ಚಿ ಕೂತಿದ್ದ ಅಮ್ಮನಿಗೆ ಆ ಮುಖ ಕಾಣಲೇ ಇಲ್ಲ.

"ನಾನು ಅಂತ ಹೇಗ್ ಗೊತ್ತಾಯ್ತು ನಿನಗೆ?"

"ನಿನ್ ಕಾಲು ಕೇಳ್ತಾ ಕೇಳ್ತಾನೇ ಮುದುಕಿ ಆಗಿದೀನಿ ಕಣೇ. ಗೊತ್ತಾಗ್ದೆ ಇರುತ್ತಾ?"

"ಮತ್ತೆ ಅವಳಿಗ್ಯಾಕೆ ಚೆನ್ನಾಗಿತ್ತು ಅಂದೆ?"

"ಚೆನ್ನಾಗ್ ಕಾಣಿಸ್ತಾಳಲ್ಲ, ಅದಕ್ಕೆ."

ಆಗ ನನ್ನ ಉರಿಯೆಲ್ಲ ಒಟ್ಟಿಗೇ ಹೊರಗೆ ಬಂತು. ಟ್ರಾಮಿಗೆ ಕಾಯುತ್ತಿದ್ದವರು ತಿರುಗಿ ನೋಡಿದರು. ನೋಡಲಿ. "ಅವಳಿಗ್ ಹೇಳ್ಕೊಟ್ಟೆ! ನನಗ್ ಹೇಳ್ಕೊಡ್ಲಿಲ್ಲ! ನಾನು ಎಷ್ಟ್ ವರ್ಷ ಕೇಳ್ದೆ, ಎಷ್ಟ್ ಬೇಡ್ಕೊಂಡೆ? ಅವಳು ಕೇಳ್ದ ದಿನವೇ ಕೋಲು ತಗೊಂಡ್ ಎದ್ದೆಯಲ್ಲ!"

"ನನಗ್ಯಾರೇ ಹೇಳ್ಕೊಟ್ರು?" ಅಂದಳು ಅಮ್ಮ.

ನನಗೆ ಮೆಂಫಿಸ್‌ನ ಹಲಗೆ ನೆನಪಾಯಿತು.

"ಆ ಹುಡುಗೀಗೆ ಕೋಲಿನ ಸದ್ದು ಅಷ್ಟ್ ಜೋರಾಗಿ ಬೇಕಾ? ಪಕ್ಕದಲ್ಲೇ ನಿಂತಿದ್ಳು. ನನ್ ಕೈ ನೋವು ಬಂತು ಕುಟ್ಟಿ ಕುಟ್ಟಿ. ಗೋಡೆ ಆಚೆ ನಿನ್ ಮಂಚ ಅದೇ ತಾಳಕ್ಕೆ ಕಿರುಗುಟ್ಟೋದು ನನಗ್ ಕೇಳ್ತಿರಲಿಲ್ವಾ?" ಅವಳು ಕೋಲಿನಿಂದ ಕಟ್ಟೆಯ ಹಲಗೆ ಮುಟ್ಟಿ ನೋಡಿದಳು. "ಪರವಾಗಿಲ್ಲ, ಗಟ್ಟಿ ಇದೆ. ಹಾಕು, ಎರಡ್ನೇದು ಹಾಕು."

"ಇಲ್ಲೇನಾ? ಬೀದೀಲಾ?"

"ಅವಸರ ಮಾಡಿದ್ದನ್ನ ಮನೇವರ್ಗೂ ಹೊತ್ಕೊಂಡ್ ಹೋಗ್ಬೇಕಾ?"

ಅವಳು ನನಗೆ ಬೆನ್ನು ತಿರುಗಿಸಿ ನಿಂತಳು. ನನ್ನ ಕಾಲಲ್ಲಿ ಇದ್ದದ್ದು ಬರೀ ಬೀದಿ ಬೂಟು. ಮುಂಗಾಲು ಬಡಿದೆ. ಹಿಮ್ಮಡಿ ಬಿಟ್ಟೆ.

"ಇನ್ನೊಂದ್ ಸಲ."

ಟ್ರಾಮು ಬಂತು, ಜನ ಹತ್ತಿದರು, ಹೋಯಿತು. ಅಷ್ಟರಲ್ಲಿ ಸ್ಟುಡಿಯೋದ ಕಾರು ನಮ್ಮ ಪಕ್ಕದಲ್ಲಿ ಬಂದು ನಿಂತಿತು. ಕಿಟಕಿಯಿಂದ ಡಲ್ಸಿ ಕತ್ತು ಚಾಚಿದಳು. ಕೈಯಲ್ಲಿ ಯಾರೋ ಕೊಟ್ಟ ಹೂವಿನ ಗೊಂಚಲು, ಮುಖದ ಮೇಲೆ ಆ ನಗು.

"ಫ್ಲೋಸಿ ಅಮ್ಮಾ! ಬನ್ನಿ, ಕಾರಲ್ಲಿ ಹೋಗೋಣ! ಫ್ಲೋಸಿ ಅಮ್ಮಾ, ಇಲ್ಲಿ!"

ಅಮ್ಮ ತಿರುಗಲಿಲ್ಲ. ಕಣ್ಣು ಮುಚ್ಚಿಕೊಂಡೇ ಕೋಲನ್ನು ಅವಳ ಕಡೆ ಎತ್ತಿದಳು.

"ಸುಮ್ನಿರೇ ಒಂದ್ನಿಮಿಷ. ನನ್ ಮಗಳ ಕಾಲು ಕೇಳಿಸ್ಕೊಳ್ತಿದೀನಿ."

ನಾನು ಮುಂಗಾಲು ಬಡಿದು ಹಿಮ್ಮಡಿಯನ್ನು ಎತ್ತಿ ಹಿಡಿದೆ. ಡಲ್ಸಿ ನೋಡುತ್ತಿದ್ದಳು, ನೋಡಲಿ ಅಂತ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾದೆ.